ಸೋಂಕು, ಸ್ಪರ್ಶ, ಆರೈಕೆ: ಸಾಂಗಲಿಯ ಒಂದು ಸಮುದಾಯ ಮತ್ತು ಏಡ್ಸ್ ಕಥನದ ರೂಪ

ಎಚ್.ಐ.ವಿ. ಇರುವವರನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ನಾವು ಬಳಸುತ್ತ ಬಂದಿರುವ ಪದಗಳು ಮುಖ್ಯವಾಗಿ ಮೂರು: 'ಏಡ್ಸ್ ರೋಗಿ', 'ಏಡ್ಸ್ ಪೀಡಿತ' ಮತ್ತು 'ಸೋಂಕಿತ'. ಮೊದಲನೆಯದು ವ್ಯಕ್ತಿಯ ಇಡೀ ಬದುಕನ್ನು ಆಸ್ಪತ್ರೆಯ ಮಂಚಕ್ಕೆ ಸೀಮಿತಗೊಳಿಸುತ್ತದೆ. ಎರಡನೆಯದು ಆತನನ್ನು ಅನ್ಯರ ಕರುಣೆಯ ವಸ್ತುವಾಗಿಸುತ್ತದೆ. ಮೂರನೆಯದು ಇವೆರಡಕ್ಕಿಂತ ತಟಸ್ಥವೆಂದು ಸರಕಾರಿ ಪ್ರಕಟಣೆಗಳೂ ಪತ್ರಿಕೆಗಳೂ ಒಪ್ಪಿಕೊಂಡಿವೆ. ಆದರೆ ಈ ಪದದ ಚರಿತ್ರೆ ಅಷ್ಟು ತಟಸ್ಥವಾದುದಲ್ಲ. 'ಸೋಂಕು' ಎಂದರೆ ಹಳಗನ್ನಡದಲ್ಲಿ ಮೊದಲಿಗೆ ಸ್ಪರ್ಶ. ಪಂಪನು ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯದಲ್ಲಿ ತೆಂಕಣ ಗಾಳಿ ಮೈಗೆ ತಾಗುವುದನ್ನು ಹೇಳಲು ಬಳಸಿದ ಕ್ರಿಯಾಪದ ಇದೇ. ವಚನಗಳಲ್ಲಿ ಲಿಂಗದ ಸೋಂಕು ಶರಣನನ್ನು ಪಾವನಗೊಳಿಸುವ ಸಂಗತಿ. ಮೈಲಿಗೆಯ ಅರ್ಥವೂ ಈ ಪದದ ಜೊತೆಗೆ ಸಾಗಿ ಬಂದಿದೆ. ಆಧುನಿಕ ವೈದ್ಯಕೀಯ ಪರಿಭಾಷೆ ಆ ಅರ್ಥದ ಮೇಲೆ ತನ್ನ ಅರ್ಥವನ್ನು ಕೂರಿಸಿತು. ಹೀಗಾಗಿ ಮುಟ್ಟುವುದನ್ನೂ ಮುಟ್ಟಲು ಅಂಜುವುದನ್ನೂ ನಾವು ಇಂದು ಒಂದೇ ಪದದಿಂದ ಸೂಚಿಸುತ್ತಿದ್ದೇವೆ. ಎಚ್.ಐ.ವಿ. ಮೈಮುಟ್ಟುವುದರಿಂದ ಹರಡುವುದಿಲ್ಲ. ಆರೈಕೆಯಾದರೋ ಮುಟ್ಟದೆ ನಡೆಯುವ ಕೆಲಸವಲ್ಲ. ಈ ಎರಡು ವಾಕ್ಯಗಳ ನಡುವೆ ನಮ್ಮ ಬರವಣಿಗೆ ಎಲ್ಲಿ ನಿಂತಿದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಹೆಸರಿನ ಪ್ರಶ್ನೆಯನ್ನು ಮೊದಲು ಎತ್ತಿದವರು ವಿಮರ್ಶಕರಲ್ಲ. ೧೯೮೩ರ ಜೂನ್ ತಿಂಗಳಲ್ಲಿ ಅಮೆರಿಕದ ಡೆನ್ವರ್ ನಗರದ ಒಂದು ಆರೋಗ್ಯ ಸಮ್ಮೇಳನಕ್ಕೆ ಬಂದಿದ್ದ, ಏಡ್ಸ್ ಇದ್ದ ಕೆಲವರು ಒಂದು ಹೇಳಿಕೆಯನ್ನು ಸಿದ್ಧಪಡಿಸಿದರು. ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ರೋಗಿಗಳೆಂಬ ಮಾತೂ ತಮಗೆ ಯಾವಾಗಲೂ ಅನ್ವಯಿಸುವುದಿಲ್ಲ, ತಾವು ಏಡ್ಸ್ ಇರುವ ಜನ ಎಂಬುದು ಅದರ ತಿರುಳು. ರೋಗಕ್ಕೆ ಕಾರಣವಾದ ವೈರಸ್ ಯಾವುದೆಂದು ಆಗಿನ್ನೂ ಜಗತ್ತು ಒಪ್ಪಿರಲಿಲ್ಲ; ಮದ್ದು ಇರಲಿಲ್ಲ. ಔಷಧಕ್ಕಿಂತ ಮೊದಲೇ ಪದಕ್ಕಾಗಿ ಹೋರಾಡಿದ ಈ ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಲಘುವಾಗಿ ಕಾಣುವಂತಿಲ್ಲ. ೧೯೮೯ರಲ್ಲಿ ಸೂಸನ್ ಸೊಂಟಾಗ್ ಏಡ್ಸ್ ಮತ್ತು ಅದರ ರೂಪಕಗಳನ್ನು ಕುರಿತು ಬರೆದ ಕಿರುಗ್ರಂಥವು ಯುದ್ಧದ ಹಾಗೂ ಮಹಾಮಾರಿಯ ರೂಪಕಗಳು ರೋಗವನ್ನು ಹೇಗೆ ಅಪರಾಧವಾಗಿಸುತ್ತವೆ ಎಂಬುದನ್ನು ವಿಶ್ಲೇಷಿಸಿತು. ಆ ಗ್ರಂಥದ ಪ್ರಭಾವ ನಮ್ಮ ವಿಚಾರ ಸಂಕಿರಣಗಳಲ್ಲಿಯೂ ಸಾಕಷ್ಟಿದೆ. ಆದರೆ ಸೊಂಟಾಗರ ಮಾರಿಗೂ ನಮ್ಮ ಮಾರಿಗೂ ಇರುವ ಅಂತರವನ್ನು ನಾವು ಸಾಕಷ್ಟು ಗಮನಿಸಿಲ್ಲ.

ಕನ್ನಡ ನಾಡಿನ ಹಳ್ಳಿಗಳಲ್ಲಿ ಸಿಡುಬು ಬಂದರೆ 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ರೋಗಿಯ ಮೈ ದೇವಿ ಇಳಿದ ತಾಣ. ಮಲಗಿದಲ್ಲಿ ಬೇವಿನ ಸೊಪ್ಪು, ತಂಪಿನ ಆಹಾರ, ಮನೆಯಲ್ಲಿ ಒಗ್ಗರಣೆ ಹಾಕದ ಅಡಿಗೆ, ಮೆಲುಮಾತು: ಇವೆಲ್ಲ ನಂಬಿಕೆಯ ಹೆಸರಿನಲ್ಲಿ ನಡೆಯುತ್ತಿದ್ದ ಆರೈಕೆಯ ವಿಧಿಗಳು. ಭಯ ಇತ್ತು, ಆದರೆ ಆ ಭಯಕ್ಕೆ ಅತಿಥಿಸತ್ಕಾರದ ಆಕೃತಿ ಇತ್ತು. ಈ ಪರಂಪರೆಯನ್ನು ಏಡ್ಸ್‌ಗೆ ಅನ್ವಯಿಸುವ ಒಂದು ಪ್ರಯತ್ನವೂ ನಮ್ಮಲ್ಲಿ ನಡೆದಿದೆ. ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ೧೯೯೭ರಲ್ಲಿ ಶಾಲಾ ಶಿಕ್ಷಕರೊಬ್ಬರು 'ಏಡ್ಸಮ್ಮ'ನ ಗುಡಿಯನ್ನು ಸ್ಥಾಪಿಸಿದರು. ಏಡ್ಸ್‌ನಿಂದ ತೀರಿಕೊಂಡವರನ್ನು ಊರು ದೂರವಿಟ್ಟ ರೀತಿ ಅದರ ಹಿನ್ನೆಲೆ. ರೋಗದ ತಿಳಿವಳಿಕೆ ಹರಡುವುದು ಅದರ ಉದ್ದೇಶ. ಇದನ್ನು ಮೂಢನಂಬಿಕೆಯೆಂದು ನಕ್ಕವರುಂಟು, ಜಾನಪದದ ಜೀವಂತಿಕೆಯೆಂದು ಮೆಚ್ಚಿದವರೂ ಉಂಟು. ನಮ್ಮ ತಕರಾರು ಬೇರೆ. ಸಿಡುಬಿನ ಅಮ್ಮ ಬಂದು ಕೆಲವು ದಿನ ಇದ್ದು ಹೋಗುತ್ತಾಳೆ. ಕಳುಹಿಸಿಕೊಡುವ ವಿಧಿಯೊಂದಿಗೆ ಆರೈಕೆಯೂ ಮುಗಿಯುತ್ತದೆ. ಎಚ್.ಐ.ವಿ. ಹೋಗುವುದಿಲ್ಲ. ದೇವಿಯನ್ನು ಬೀಳ್ಕೊಡಲಾಗದ ಮನೆಯಲ್ಲಿ ಆರೈಕೆ ಹಬ್ಬದ ಕಾಲಮಾನವನ್ನು ಬಿಟ್ಟು ನಿತ್ಯದ ಕಾಲಮಾನಕ್ಕೆ ಬರಬೇಕಾಗುತ್ತದೆ. ರೂಪಕವು ಸೋಲುವುದು ಈ ಕಾಲದ ಪ್ರಶ್ನೆಯಲ್ಲಿ.

ಆಧುನಿಕ ಕಥನಗಳೂ ಇದೇ ಸ್ಥಳದಲ್ಲಿ ಎಡವಿವೆಯೆಂಬುದು ನಮ್ಮ ಗ್ರಹಿಕೆ. ರೇವತಿಯವರ 'ಫಿರ್ ಮಿಲೇಂಗೆ' (೨೦೦೪) ಕೆಲಸದಿಂದ ವಜಾಗೊಂಡ ಹೆಣ್ಣೊಬ್ಬಳ ನ್ಯಾಯಾಲಯದ ಹೋರಾಟ. ತೀರ್ಪಿಗಾಗಿ ಕಾಯುವ ಕಥೆಯಲ್ಲಿ ದಿನಚರಿಗೆ ಎಡೆ ಕಡಿಮೆ. ಓನಿರ್ ಅವರ 'ಮೈ ಬ್ರದರ್ ನಿಖಿಲ್' (೨೦೦೫) ಇದಕ್ಕಿಂತ ಸೂಕ್ಷ್ಮವಾದ ಕೃತಿ. ಅದರ ಹಿಂದೆ ಗೋವೆಯ ಡೊಮಿನಿಕ್ ಡಿಸೋಜಾ ಅವರ ಬದುಕಿನ ನೆರಳಿದೆ. ೧೯೮೯ರಲ್ಲಿ ಅವರನ್ನು ಗೋವೆಯ ಸಾರ್ವಜನಿಕ ಆರೋಗ್ಯ ಕಾಯಿದೆಯ ಅಡಿಯಲ್ಲಿ ಹಿಡಿದು, ಮಾಪುಸಾದ ಹಳೆಯ ಕ್ಷಯರೋಗ ಚಿಕಿತ್ಸಾಲಯದಲ್ಲಿ ೬೪ ದಿನ ಒಂಟಿಯಾಗಿ ಇರಿಸಲಾಗಿತ್ತು. ಅವರ ತಾಯಿ ಲೂಸಿ ಡಿಸೋಜಾ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೯೨ರಲ್ಲಿ ಡೊಮಿನಿಕ್ 'ಪಾಸಿಟಿವ್ ಪೀಪಲ್' ಸಂಸ್ಥೆಯನ್ನು ಆರಂಭಿಸಿ, ಅದೇ ವರ್ಷ ತೀರಿಕೊಂಡರು. ಚಲನಚಿತ್ರವು ಅಕ್ಕನನ್ನೂ ಸಂಗಾತಿಯನ್ನೂ ಆರೈಕೆಯ ಕೇಂದ್ರದಲ್ಲಿ ನಿಲ್ಲಿಸುತ್ತದೆ. ಅವರು ಕ್ಯಾಮೆರಾದತ್ತ ತಿರುಗಿ ನೇರವಾಗಿ ಮಾತನಾಡುವ ತಂತ್ರ ಪರಿಣಾಮಕಾರಿಯೇ. ಆದರೆ ಅವರು ಮಾತನಾಡುವುದು ತೀರಿಹೋದವನ ಬಗ್ಗೆ. ಆರೈಕೆ ಇಲ್ಲಿ ಸ್ಮರಣೆಯಾಗಿ ಮಾತ್ರ ನುಡಿಯಬಲ್ಲದು.

ಕನ್ನಡಿಗರಿಗೆ ಇನ್ನೂ ಹತ್ತಿರದ ಪಠ್ಯವೆಂದರೆ ವಿಲಿಯಂ ಡಾಲ್ರಿಂಪಲ್ ಅವರು ಸವದತ್ತಿ ಯಲ್ಲಮ್ಮನ ದೇವದಾಸಿಯರನ್ನು ಕುರಿತು ಬರೆದ ಪ್ರಬಂಧ. ೨೦೦೮ರ 'ಏಡ್ಸ್ ಸೂತ್ರ' ಎಂಬ ಇಂಗ್ಲಿಷ್ ಸಂಕಲನದಲ್ಲಿಯೂ, ೨೦೦೯ರ 'ನೈನ್ ಲೈವ್ಸ್' ಗ್ರಂಥದಲ್ಲಿಯೂ ಅದು ಇದೆ. ಲೇಖಕರ ಸಹಾನುಭೂತಿ ಪ್ರಾಮಾಣಿಕ. ಕ್ಷೇತ್ರದ ಗದ್ದಲ, ಭಕ್ತಿ, ದಾರಿದ್ರ್ಯಗಳ ಚಿತ್ರಣ ಸಮರ್ಥ. ಕಥಾನಾಯಕಿ ತನ್ನ ಬಾಳನ್ನು ತಾನೇ ಹೇಳುತ್ತ ಹೋಗುತ್ತಾಳೆ. ಮುಂದೊಂದು ದಿನ ಹೈನುಗಾರಿಕೆ ಮಾಡಿಕೊಂಡು ನೆಮ್ಮದಿಯಾಗಿ ಇರುವ ಕನಸನ್ನೂ ಹೇಳುತ್ತಾಳೆ. ಆಕೆಗೂ ಸೋಂಕು ತಗಲಿದೆಯೆಂಬ ಸಂಗತಿ ಮಾತ್ರ ನಮಗೆ ತಿಳಿಯುವುದು ಕೊನೆಯಲ್ಲಿ, ಆಕೆ ಇಲ್ಲದಾಗ, ಅನ್ಯರ ಬಾಯಿಂದ. ಅಲ್ಲಿಯವರೆಗೆ ಓದಿದ್ದೆಲ್ಲ ಆ ಒಂದು ಮಾಹಿತಿಯ ಬೆಳಕಿನಲ್ಲಿ ದುರಂತವಾಗಿ ಮಾರ್ಪಡುತ್ತದೆ. ಕಥನಕಲೆಯ ದೃಷ್ಟಿಯಿಂದ ಇದು ಯಶಸ್ವಿ ಮುಕ್ತಾಯವೇ ಇರಬಹುದು. ಆದರೆ ಆ ಯಶಸ್ಸು ಬಂದದ್ದು ಯಾವ ಬೆಲೆಗೆ? ವ್ಯಕ್ತಿಯೊಬ್ಬಳ ರೋಗದ ಸ್ಥಿತಿಯನ್ನು ಕಥೆಯ ತಿರುವಾಗಿ ಬಳಸಿದಾಗ, ಆಕೆ ಅದರೊಡನೆ ಹೇಗೆ ದಿನ ಕಳೆಯುತ್ತಿದ್ದಾಳೆ, ಯಾರು ಅವಳ ಜೊತೆ ಆಸ್ಪತ್ರೆಗೆ ಹೋಗುತ್ತಾರೆ, ಜ್ವರ ಬಂದ ರಾತ್ರಿ ಗಂಜಿ ಕಾಸುವವರು ಯಾರು ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಓದುಗನಿಗೆ ಉಳಿಯುವುದು ಒಂಟಿ ಹೆಣ್ಣೊಬ್ಬಳ ಚಿತ್ರ. ಅವಳ ಸುತ್ತ ಒಂದು ಸಮುದಾಯ ಇರಬಹುದೆಂಬ ಊಹೆಗೂ ಅಲ್ಲಿ ಜಾಗವಿಲ್ಲ.

ಅಂಥ ಒಂದು ಸಮುದಾಯ ಸವದತ್ತಿಯಿಂದ ಬಹು ದೂರವಲ್ಲದ ಸಾಂಗಲಿಯಲ್ಲಿದೆ. ಮಹಾರಾಷ್ಟ್ರದ ಈ ನಗರದ ಗೋಕುಲನಗರದಲ್ಲಿಯೂ ಸುತ್ತಮುತ್ತಲ ವಸತಿಗಳಲ್ಲಿಯೂ ಲೈಂಗಿಕ ವೃತ್ತಿಯಲ್ಲಿರುವ ಅನೇಕ ಹೆಂಗಸರು ಗಡಿಯ ಈಚೆಯಿಂದ ಹೋದವರು, ಮುತ್ತು ಕಟ್ಟಿಸಿಕೊಂಡ ದಲಿತ ಮನೆತನಗಳವರು, ಮನೆಮಾತು ಕನ್ನಡ. ೧೯೯೨ರಲ್ಲಿ ಮೀನಾ ಶೇಷು ಮತ್ತು ಅವರ ಸಂಗಡಿಗರು ಅಲ್ಲಿ 'ಸಂಗ್ರಾಮ್' ಎಂಬ ಸಂಸ್ಥೆಯ ಮೂಲಕ ಏಡ್ಸ್ ತಡೆಯ ಕೆಲಸ ಆರಂಭಿಸಿದರು. ಹೊರಗಿನವರು ಬಂದು ಬೋಧಿಸುವ ಬದಲು ಆ ಓಣಿಯ ಹೆಂಗಸರೇ ತಮ್ಮ ಜೊತೆಗಾತಿಯರಿಗೆ ತಿಳಿಸಿ ಹೇಳುವುದು ಅದರ ಕ್ರಮವಾಗಿತ್ತು. ೧೯೯೬ರಲ್ಲಿ ಈ ಹೆಂಗಸರು ತಮ್ಮದೇ ಸಂಘಟನೆಯನ್ನು ಕಟ್ಟಿಕೊಂಡರು: ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್. ಇದರ ಇಂಗ್ಲಿಷ್ ಆದ್ಯಕ್ಷರಗಳು ಸೇರಿ 'ವ್ಯಾಂಪ್' ಆಗುತ್ತದೆ. ಹಿಂದಿ ಚಿತ್ರಗಳ ಕೆಟ್ಟ ಹೆಣ್ಣಿನ ಹೆಸರನ್ನು ಅವರು ನಗುನಗುತ್ತ ತಮ್ಮ ಬಾಗಿಲಿಗೆ ಬರೆದುಕೊಂಡರು.

ಈ ಹೆಸರಿನ ಸಮಾಸವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಲ್ಲಿ ಮುಕ್ತಿ ಬೇಡಿರುವುದು ಅನ್ಯಾಯದಿಂದ. ವೃತ್ತಿಯಿಂದ ಎಂದು ಹೆಸರು ಹೇಳುವುದಿಲ್ಲ. ಉದ್ಧಾರದ ಪರಿಭಾಷೆಗೆ ಒಗ್ಗಿದವರಿಗೆ ಇದು ಕಸಿವಿಸಿಯ ವಿಷಯ. ದೇವದಾಸಿ ಪದ್ಧತಿಯನ್ನು ಜಾತಿವ್ಯವಸ್ಥೆಯ ಲೈಂಗಿಕ ಜೀತವೆಂದು ಕಾಣುವ ದಲಿತ ಚಿಂತಕರಿಗೆ ಈ ನಿಲುವು ಒಪ್ಪಿಗೆಯಾಗುವುದು ಕಷ್ಟ. ಆ ಆಕ್ಷೇಪಕ್ಕೆ ತೂಕವಿದೆ. ಕರ್ನಾಟಕವು ೧೯೮೨ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮಾಡಿದ್ದರ ಹಿಂದೆ ಇರುವ ನೋವು ಸುಳ್ಳಲ್ಲ. ನಾವು ಈ ವಾದವನ್ನು ಇಲ್ಲಿ ತೀರ್ಮಾನಿಸಲು ಹೊರಟಿಲ್ಲ. ನಮ್ಮ ಗಮನ ಇರುವುದು, ತಮ್ಮ ಬಗ್ಗೆ ಇತರರು ಬರೆದ ವಾಕ್ಯಕ್ಕೆ ಸಹಿ ಹಾಕಲು ಒಪ್ಪದ ಒಂದು ನಡವಳಿಕೆಯ ಮೇಲೆ. ೨೦೦೩ರ ಅಮೆರಿಕದ ಕಾನೂನೊಂದು ಏಡ್ಸ್ ನೆರವು ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುವುದಾಗಿ ಬರಹದಲ್ಲಿ ಘೋಷಿಸಬೇಕೆಂದು ವಿಧಿಸಿತು. ೨೦೦೫ರಲ್ಲಿ ಸಂಗ್ರಾಮ್ ಆ ಘೋಷಣೆಗೆ ಸಹಿ ಹಾಕದೆ ಆ ಹಣವನ್ನು ಬಿಟ್ಟುಕೊಟ್ಟಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ತನ್ನ ದೇಶದ ಸಂಸ್ಥೆಗಳ ಮಟ್ಟಿಗೆ ಈ ಷರತ್ತನ್ನು ತಳ್ಳಿಹಾಕಿತು. ಹೊರದೇಶದ ಸಂಸ್ಥೆಗಳಿಗೆ ಆ ರಕ್ಷಣೆ ಇಲ್ಲವೆಂದು ೨೦೨೦ರಲ್ಲಿ ಹೇಳಿತು. ಡೆನ್ವರ್‌ನವರ ಹೇಳಿಕೆಯೂ ಸಾಂಗಲಿಯವರ ನಿರಾಕರಣೆಯೂ ಒಂದೇ ಜಾತಿಯ ಪಠ್ಯಗಳೆಂದು ನಾವು ತಿಳಿಯುತ್ತೇವೆ. ಒಂದು ಬರೆದು ಹೇಳಿತು, ಇನ್ನೊಂದು ಬರೆಯಲು ಒಲ್ಲೆನೆಂದಿತು.

ಹಾಗಾದರೆ ಈ ಸಮುದಾಯದ ಆರೈಕೆಯ ಕಥನ ಯಾವುದು? ಜೊತೆಗಾತಿ ಜ್ವರದಿಂದ ಮಲಗಿದರೆ ಆಸ್ಪತ್ರೆಗೆ ಕರೆದೊಯ್ಯುವುದು, ವಾರ್ಡಿನಲ್ಲಿ ಹೊರಗಿಟ್ಟರೆ ಜಗಳ ಮಾಡುವುದು, ಮಾತ್ರೆ ನುಂಗುವ ಹೊತ್ತನ್ನು ನೆನಪಿಸುವುದು, ಅವಳ ಮಕ್ಕಳಿಗೆ ಉಣ್ಣಲಿಕ್ಕುವುದು, ಸತ್ತರೆ ಮಣ್ಣು ಮಾಡುವುದು. ಇವು ಕಥೆಯಾಗುವುದಿಲ್ಲ, ಏಕೆಂದರೆ ಇವುಗಳಲ್ಲಿ ತಿರುವಿಲ್ಲ. ಇವತ್ತು ಮಾಡಿದ್ದನ್ನು ನಾಳೆಯೂ ಮಾಡಬೇಕು. ನಮ್ಮ ಕಾವ್ಯಮೀಮಾಂಸೆಯಲ್ಲಿ ಪುನರುಕ್ತಿ ದೋಷ. ಆರೈಕೆಯಲ್ಲಿ ಅದೇ ಗುಣ. ಗೃಹಕೃತ್ಯವನ್ನು ಸಾಹಿತ್ಯದ ವಸ್ತುವಾಗಿಸಲು ನಮ್ಮ ಲೇಖಕಿಯರು ಪಟ್ಟ ಶ್ರಮವನ್ನು ಬಲ್ಲವರಿಗೆ ಈ ಕಷ್ಟ ಅರ್ಥವಾದೀತು.

ಈ ಹೆಂಗಸರೇ ಅಭಿನಯಿಸಿದ ನಾಟಕವೊಂದು ಈ ಸಮಸ್ಯೆಗೆ ತನ್ನದೇ ರೀತಿಯ ಉತ್ತರ ಹುಡುಕಿದೆ. 'ವ್ಹಯ್, ಮೀ ಸಾವಿತ್ರಿಬಾಯಿ' ಪ್ರಯೋಗದಿಂದ ಮರಾಠಿ ರಂಗಭೂಮಿಯಲ್ಲಿ ಹೆಸರಾದ ಸುಷಮಾ ದೇಶಪಾಂಡೆ ಅದರ ನಿರ್ದೇಶನದಲ್ಲಿದ್ದರು. ಅದರ ಹೆಸರು ಇಂಗ್ಲಿಷಿನಲ್ಲಿ 'ಮೈ ಮದರ್, ದ ಘರ್‌ವಾಲಿ, ಹರ್ ಮಾಲಕ್, ಹಿಸ್ ವೈಫ್': ನನ್ನ ತಾಯಿ, ಮನೆ ನಡೆಸುವವಳು, ಅವಳ ಮಾಲಕ, ಅವನ ಹೆಂಡತಿ. ಶೀರ್ಷಿಕೆಯಲ್ಲಿ ರೋಗದ ಹೆಸರಿಲ್ಲ, ವೃತ್ತಿಯ ಹೆಸರೂ ಇಲ್ಲ. ಇರುವುದು ನಾಲ್ಕು ಸಂಬಂಧಗಳು, ಒಂದನ್ನೊಂದು ಹಿಡಿದು ಸಾಗುವ ಷಷ್ಠೀ ವಿಭಕ್ತಿಗಳು. ಸೋಂಕು ಚಲಿಸುವುದು ಇದೇ ಸರಪಳಿಯಲ್ಲಿ, ಆರೈಕೆ ಚಲಿಸುವುದೂ ಇದರಲ್ಲಿಯೇ. ಮಾಲಕನ ಹೆಂಡತಿ ಈ ಪಟ್ಟಿಯಲ್ಲಿ ಇರುವುದು ಮುಖ್ಯ. ಸಭ್ಯ ಸಮಾಜದ ಬರವಣಿಗೆಯಲ್ಲಿ ಆಕೆ 'ನಿರಪರಾಧಿ', ಈಕೆ 'ಮೂಲ'. ಇಲ್ಲಿ ಇಬ್ಬರೂ ಒಂದೇ ಮನುಷ್ಯನ ಮೂಲಕ ಬಂಧುಗಳಾಗಿದ್ದಾರೆ. ಸಾಹಿತ್ಯಕವಾಗಿ ಇದು ನುಣುಪಾದ ರಚನೆಯಲ್ಲದಿರಬಹುದು. ಏಡ್ಸ್ ಕಥನವನ್ನು ಒಂಟಿ ನಾಯಕ-ನಾಯಕಿಯರ ದುರಂತದಿಂದ ಬಿಡಿಸಿ ಬಂಧುತ್ವದ ಜಾಲಕ್ಕೆ ತಂದ ಕಾರಣಕ್ಕೆ, ಮೇಲೆ ಹೇಳಿದ ಚಲನಚಿತ್ರಗಳಿಗಿಂತ ಇದನ್ನು ನಾವು ಮಹತ್ವದ್ದೆಂದು ಎಣಿಸುತ್ತೇವೆ.

ಮಕ್ಕಳ ವಿಷಯಕ್ಕೆ ಬಂದರೆ ಬಂಧುತ್ವದ ಪದಗಳ ಪ್ರಶ್ನೆ ಇನ್ನೂ ತೀವ್ರವಾಗುತ್ತದೆ. ಅಂತರರಾಷ್ಟ್ರೀಯ ವರದಿಗಳಲ್ಲಿ 'ಏಡ್ಸ್ ಅನಾಥ' ಎಂಬ ಎಣಿಕೆಯ ವರ್ಗವಿದೆ. ಹಿಂದೆ ಇದರ ವಯೋಮಿತಿ ೧೫ ಇತ್ತು, ಅನಂತರ ೧೮ ಆಯಿತು. ತಂದೆತಾಯಿಗಳಲ್ಲಿ ಒಬ್ಬರನ್ನು ಕಳೆದುಕೊಂಡರೂ ಮಗು ಈ ಲೆಕ್ಕಕ್ಕೆ ಸೇರುತ್ತದೆ. ನೆರವು ಹಂಚಲು ಇಂಥ ವ್ಯಾಖ್ಯೆ ಬೇಕಾದೀತು. ಆದರೆ ಕನ್ನಡದ 'ಅನಾಥ' ಎಂದರೆ ನಾಥನಿಲ್ಲದವನು, ದಿಕ್ಕಿಲ್ಲದವನು. ದೇವದಾಸಿ ಮನೆಗಳಲ್ಲಿ ಮಗು ತಾಯಿಯ ಮನೆಗೆ ಸೇರಿದ್ದು. 'ನಾಥ' ಮೊದಲಿನಿಂದಲೂ ಇಲ್ಲ, ದಿಕ್ಕು ಮಾತ್ರ ಇದೆ. ಹೆತ್ತವ್ವ ತೀರಿಹೋದರೆ ಚಿಗವ್ವ, ದೊಡ್ಡವ್ವ, ಆಯಿ ಇದ್ದಾರೆ. ಉತ್ತರ ಕರ್ನಾಟಕದ ಹಲವು ಕಡೆ 'ಆಯಿ' ಎಂದರೆ ಅಜ್ಜಿ; 'ಆಯಿ-ಮುತ್ಯಾ' ಎಂಬ ಜೋಡುನುಡಿಯನ್ನು ಬಿಜಾಪುರದ ಕಡೆಯವರೆಲ್ಲ ಬಲ್ಲರು. ಮರಾಠಿಯಲ್ಲಿ ಅದೇ 'ಆಯಿ' ತಾಯಿ. ಸಾಂಗಲಿಯ ಮಗುವೊಂದು ತಾನು ಆಯಿಯ ಹತ್ತಿರ ಇದ್ದೇನೆ ಎಂದರೆ, ಮರಾಠಿ ಬಲ್ಲ ಬರಹಗಾರನ ಟಿಪ್ಪಣಿಯಲ್ಲಿ ಅದಕ್ಕೆ ತಾಯಿ ಇದ್ದಾಳೆ; ಕನ್ನಡದ ಕಿವಿಗೆ ಅದು ತಾಯಿಯಿಲ್ಲದ ಮನೆಯೂ ಆಗಿರಬಹುದು. ಈ ಹೆಂಗಸರ ಮಾತು ಜಗತ್ತಿಗೆ ತಲಪಿರುವುದು ಬಹುಮಟ್ಟಿಗೆ ಮರಾಠಿಯ ಮೂಲಕ ಇಂಗ್ಲಿಷಿಗೆ ಹೋಗಿ. ಈ ಎರಡು ಹಂತಗಳಲ್ಲಿ ಬಂಧುವಾಚಕಗಳೇ ಮೊದಲು ಸವೆಯುತ್ತವೆ, ಅವುಗಳೊಂದಿಗೆ ಯಾರು ಯಾರನ್ನು ನೋಡಿಕೊಂಡರು ಎಂಬ ದಾಖಲೆಯೂ.

ವ್ಯಾಂಪ್ ಮತ್ತು ಸಂಗ್ರಾಮ್ ನಿಪ್ಪಾಣಿಯಲ್ಲಿ ಲೈಂಗಿಕ ವೃತ್ತಿಯವರ ಮಕ್ಕಳಿಗಾಗಿ 'ಮಿತ್ರಾ' ಎಂಬ ವಸತಿನಿಲಯವನ್ನು ಕಟ್ಟಿದವು. ತಾಯಿಯಿಂದ ಮಗುವನ್ನು ಬಿಡಿಸಿ 'ರಕ್ಷಿಸುವ' ಪುನರ್ವಸತಿಗಿಂತ ಇದರ ಕಲ್ಪನೆ ಭಿನ್ನವಾದುದು. ತಾಯಂದಿರೇ ಕೂಡಿ ಬೇಕೆಂದು ಮಾಡಿಕೊಂಡ ಏರ್ಪಾಟು ಇದು. ನಿಪ್ಪಾಣಿ ಗಡಿವಿವಾದದ ಊರು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಭಾಷೆಯ ಹೆಸರಿನಲ್ಲಿ ನಾವು ಅಲ್ಲಿ ಎಷ್ಟೋ ಸಭೆಗಳನ್ನು ನಡೆಸಿದ್ದೇವೆ. ಅಲ್ಲಿಯೇ, ಎರಡೂ ಭಾಷೆಗಳ ಸಂಘಟನೆಗಳು ತಮ್ಮವರೆಂದು ಹೇಳಿಕೊಳ್ಳಲು ಮುಂದೆ ಬರದ ಹೆಂಗಸರು ಎರಡೂ ಭಾಷೆಗಳಲ್ಲಿ ಮಕ್ಕಳನ್ನು ಬೆಳೆಸುತ್ತಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. 'ಸಮುದಾಯ' ಎಂಬುದು ತೊಂಬತ್ತರ ದಶಕದಿಂದ ನಮ್ಮ ವಿಮರ್ಶೆಯ ಮುದ್ದಿನ ಪದವಾಗಿದೆ. ಅದನ್ನು ಉಚ್ಚರಿಸಿದೊಡನೆ ಎಲ್ಲವೂ ಪವಿತ್ರವಾಗುವ ಅಪಾಯವಿದೆ. ಹೆಣವನ್ನು ಮುಟ್ಟಲೊಲ್ಲದ ಊರೂ ಒಂದು ಸಮುದಾಯವೇ. ಮೊಮ್ಮಗಳನ್ನು ಸಾಕುವ ಆಯಿಯ ಮನೆಯೇ ಹಿಂದಿನ ತಲೆಮಾರಿನಲ್ಲಿ ಮಗಳಿಗೆ ಮುತ್ತು ಕಟ್ಟಿಸಿದ ಮನೆಯೂ ಆಗಿರಬಹುದು. ಘರ್‌ವಾಲಿ ಗಂಜಿ ಕಾಸುವವಳೂ ಹೌದು, ಗಳಿಕೆಯಲ್ಲಿ ಪಾಲು ಕೀಳುವವಳೂ ಹೌದು. ಇನ್ನೂ ಒಂದು ಸಂಗತಿ: ಸರಕಾರ ಮಾಡಬೇಕಾದ ಕೆಲಸವನ್ನು ಬಡ ಹೆಂಗಸರು ಕೂಲಿಯಿಲ್ಲದೆ ಮಾಡಿದಾಗ ಅದನ್ನು ಪ್ರೀತಿಯೆಂದು ಹೊಗಳಿ ಕೈತೊಳೆದುಕೊಳ್ಳುವುದು ಬಹಳ ಸುಲಭ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು ೧೯೮೬ರಲ್ಲಿ. ಸರಕಾರ ಉಚಿತವಾಗಿ ಎ.ಆರ್.ಟಿ. ಔಷಧ ಕೊಡಲಾರಂಭಿಸಿದ್ದು ೨೦೦೪ರ ಏಪ್ರಿಲ್‌ನಲ್ಲಿ. ಮಕ್ಕಳಿಗೆ ತಕ್ಕ ಔಷಧದ ಕಾರ್ಯಕ್ರಮ ಬಂದದ್ದು ೨೦೦೬ರ ಕೊನೆಯಲ್ಲಿ. ನಡುವಿನ ಹದಿನೆಂಟು-ಇಪ್ಪತ್ತು ವರ್ಷ ಆರೈಕೆಯೆಂದರೆ ಬಹುಮಟ್ಟಿಗೆ ಸಾವಿಗೆ ಜೊತೆ ಕೊಡುವುದಾಗಿತ್ತು. ಆ ವರ್ಷಗಳ ಸಾಕ್ಷಿಗಳು ಈಗ ಮುದುಕಿಯರು.

ಅವರ ಮಾತನ್ನು ಅವರದೇ ಕನ್ನಡದಲ್ಲಿ ದಾಖಲಿಸುವುದು ಸಾಂಗಲಿ, ಮಿರಜ, ಜತ್ತ, ಕೊಲ್ಲಾಪುರಗಳಿಗೆ ಹತ್ತಿರವಿರುವ, ರಾಜ್ಯದ ಹೊರಗಿನ ಕನ್ನಡ ಸಂಶೋಧಕರ ಪಾಲಿಗೆ ಬಂದಿರುವ ಕೆಲಸ. ಪುಣೆ-ಮುಂಬಯಿಗಳ ನಾವು ಜತ್ತದ ಶಾಸನಗಳನ್ನು ಓದಲು ಹೋದಷ್ಟು ಸಲ ಗೋಕುಲನಗರಕ್ಕೆ ಹೋಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 'ಆರಯ್' ಎಂಬ ಧಾತುವಿಗೆ ಹುಡುಕು, ವಿಚಾರಿಸು ಎಂಬ ಅರ್ಥಗಳೂ, ನೋಡಿಕೋ, ಸಲಹು ಎಂಬ ಅರ್ಥಗಳೂ ಇವೆ. ಆರೈಕೆ ಅದರಿಂದ ಬಂದ ಪದ. ಹೋಗುವವರು ೨೦೧೭ರ ಎಚ್.ಐ.ವಿ.-ಏಡ್ಸ್ ಕಾಯಿದೆಯನ್ನು ಓದಿಕೊಂಡು ಹೋಗಬೇಕು. ೨೦೧೮ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಆ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಯಾರೊಬ್ಬರ ಸ್ಥಿತಿಯನ್ನೂ ಬಹಿರಂಗಪಡಿಸುವಂತಿಲ್ಲ. ಡಾಲ್ರಿಂಪಲ್ ಅವರ ಪ್ರಬಂಧದ ಮುಕ್ತಾಯ ನಮ್ಮ ವರದಿಗಳಿಗೆ ಮಾದರಿಯಾಗಲಾರದು. ಹೆಸರುಗಳನ್ನು ಬದಲಿಸಬಹುದು, ಊರುಗಳನ್ನು ಮರೆಮಾಡಬಹುದು. ಬಂಧುವಾಚಕಗಳನ್ನು ಮಾತ್ರ ಬದಲಿಸಬಾರದು. ಧ್ವನಿಮುದ್ರಿಕೆಯಲ್ಲಿ 'ಆಯಿ' ಎಂದು ಕೇಳಿಬಂದಲ್ಲಿ ಅದು ಯಾವ ಮನೆಯ ಮಾತು, ಎಷ್ಟನೆಯ ತಲೆಮಾರು ಎಂದು ಕೇಳಿಯೇ ಅರ್ಥ ಬರೆಯಬೇಕು. ಕೇಳುವುದಕ್ಕೆ ಎರಡನೆಯ ಸಲವೂ ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ.